ಕಾಡಿಗೆ ಬೊಟ್ಟಿಟ್ಟ ಬಾಟಲಿ

ನೈರೋಬಿಯ ರಿವರ್‌ಸೈಡಿನಲ್ಲಿರುವ ಮಗಳ ಫ್ಲ್ಯಾಟಿನಲ್ಲಿ ನನಗೆಂದು ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಒಂದು ಬಚ್ಚಲುಮನೆ ಬಿಟ್ಟುಕೊಟ್ಟಿದ್ದರು. ಬಚ್ಚಲುಮನೆ ನನ್ನೊಬ್ಬನದೇ ಆಗಿರಲಿಲ್ಲ. ಷವರಿನ ಆಚೆ, ಬಿಸಿಲು ಬೀಳದ ಮೂಲೆಯಲ್ಲಿ, ಮುಚ್ಚಳ ಬಿಗಿದ ಬಿಳಿ ಪ್ಲಾಸ್ಟಿಕ್ ಡ್ರಮ್ಮೊಂದು ಕೂತಿತ್ತು. ಅದರಲ್ಲಿ ಅಳಿಯ ಬಿಯರ್ ಹುದುಗಲು ಇಡುತ್ತಿದ್ದ. ಇಡೀ ಮನೆಯಲ್ಲಿ ತಂಪಾದ ಜಾಗ ಅದೊಂದೇ ಎಂದು ಅವನ ಲೆಕ್ಕಾಚಾರ.

ಡ್ರಮ್ಮಿನ ಮುಚ್ಚಳಕ್ಕೆ ಒಂದು ತೂತು, ಆ ತೂತಿಗೆ ಸಿಕ್ಕಿಸಿದ ಹೆಬ್ಬೆರಳು ಗಾತ್ರದ ಪ್ಲಾಸ್ಟಿಕ್ ಕೊಳವೆ. ಅದಕ್ಕೆ ಏರ್‌ಲಾಕ್ ಎನ್ನುತ್ತಾರೆ. ಅದರೊಳಗೆ ಗುರುತಿನ ಗೆರೆಯವರೆಗೆ ಒಂದೆರಡು ಚಮಚ ದ್ರವ ನಿಂತಿರಬೇಕು. ಡ್ರಮ್ಮಿನಲ್ಲಿ ಹುಟ್ಟುವ ಗ್ಯಾಸು ಆ ದ್ರವವನ್ನು ತಳ್ಳಿಕೊಂಡು ಗುಳುಂ ಎಂದು ಹೊರಗೆ ಬರುತ್ತದೆ. ಹೊರಗಿನ ಗಾಳಿ, ಅದರ ಜೊತೆಗಿನ ಕ್ರಿಮಿ, ಒಳಗೆ ಹೋಗುವಂತಿಲ್ಲ. ನೀರು ಹಾಕಿದರೂ ನಡೆಯುತ್ತದಂತೆ. ಅಳಿಯ ಮಾತ್ರ ವೋಡ್ಕಾ ಹಾಕುತ್ತಿದ್ದ. ಅದಕ್ಕೆಂದೇ ಒಂದು ಬಾಟಲಿ ವಾಶ್‌ಬೇಸಿನ್ ಕೆಳಗಿನ ಕಪಾಟಿನಲ್ಲಿ, ಫಿನಾಯಿಲಿಗೂ ನನ್ನ ಸೋಪಿನ ಪೊಟ್ಟಣಗಳಿಗೂ ನಡುವೆ ನಿಂತಿತ್ತು.

ಅಲ್ಲಿ ದಿನಾ ಸ್ನಾನ ಮಾಡುತ್ತಿದ್ದ ನಾನು ಕುಡಿತ ಬಿಟ್ಟ ಮನುಷ್ಯ. ಒಂದು ಕಾಲದಲ್ಲಿ ಕುಡಿಯುತ್ತಿದ್ದೆ ಎಂದರೆ ಸಾಲದು, ಬೇರೆ ಏನನ್ನೂ ನೆಟ್ಟಗೆ ಮಾಡುತ್ತಿರಲಿಲ್ಲ. ಹೆಂಡತಿ ಹೋದ ಮೇಲೆ ಬಿಟ್ಟೆ. ಅವಳು ಇದ್ದಾಗಲೇ ಬಿಡಬಾರದಿತ್ತೇ ಎಂದು ಬಂಧುಗಳು ಕೇಳುತ್ತಾರೆ.

ನಾನು ಬರುತ್ತೇನೆಂದು ಗೊತ್ತಾದಾಗ ಮಗಳು ಡ್ರಮ್ಮು, ಪೈಪು, ಬಾಟಲಿ ಎಲ್ಲವನ್ನೂ ಕೆಳಗಿನ ಸ್ಟೋರಿಗೆ ಸಾಗಿಸಿದ್ದಳು. ಒಂದು ದಿನ ಅಲ್ಲಿ ಸೂಟ್‌ಕೇಸು ಇಡಲು ಹೋದಾಗ ನನ್ನ ಕಣ್ಣಿಗೆ ಬಿತ್ತು. ನನಗೆ ಅವಮಾನವಾಯಿತು. ಮಕ್ಕಳ ಕೈಗೆ ಸಿಗದ ಹಾಗೆ ಮಾತ್ರೆ ಡಬ್ಬಿ ಬಚ್ಚಿಡುತ್ತಾರಲ್ಲ, ನನ್ನಿಂದ ಹಾಗೆ ಬಚ್ಚಿಟ್ಟಿದ್ದರು. ಅಂದು ಸಂಜೆಯೇ ಹೇಳಿದೆ.

"ನನ್ನ ಕಾರಣಕ್ಕೆ ನಿಮ್ಮ ಹವ್ಯಾಸ ಯಾಕ್ರೀ ನಿಲ್ಲಬೇಕು ಅಳಿಯಂದ್ರೇ? ಮಾಡ್ಕೊಳ್ಳಿ. ನನಗೇನೂ ಆಗಲ್ಲ."

ಅಳಿಯ ಮಗಳ ಮುಖ ನೋಡಿದ. ಅವಳು ನನ್ನ ಮುಖ ನೋಡಿದಳು. "ಸರಿ ಅಪ್ಪಾ," ಎಂದಳು. ನಾನು ಸಮುದ್ರ ದಾಟಿ ಬಂದದ್ದು ಸಿಂಹ ನೋಡುವುದಕ್ಕಲ್ಲ. ಅವಳು ನನ್ನನ್ನು ನಂಬುತ್ತಾಳೆಂದು ಅವಳ ಬಾಯಿಂದ ಒಮ್ಮೆ ಕೇಳಬೇಕಿತ್ತು. ಆ "ಸರಿ"ಯಲ್ಲಿ ಅದು ಇದ್ದ ಹಾಗೆ ನನಗೆ ಕೇಳಿಸಿತು. ಡ್ರಮ್ಮು ಮತ್ತೆ ಬಚ್ಚಲುಮನೆಗೆ ಬಂತು.

ಇನ್ನೊಂದು ವಿಷಯ ಹೇಳಿಬಿಡಬೇಕು. ನಾನು ಹುಟ್ಟು ಅನುಮಾನದ ಪ್ರಾಣಿ. ಕೆಲಸವೂ ಅದಕ್ಕೆ ತಕ್ಕುದೇ ಸಿಕ್ಕಿತ್ತು, ಹಾಲಿನ ಡೇರಿಯಲ್ಲಿ. ಊರೂರಿನಿಂದ ಬರುವ ಕ್ಯಾನುಗಳ ಮುಚ್ಚಳ ತೆಗೆದ ಕೂಡಲೇ ಮೂಗು ಒಡ್ಡಿ, ಇದು ತಗೋ, ಇದು ವಾಪಸ್ಸು ಎನ್ನುವುದು ನನ್ನ ಕೆಲಸ. ನೀರು ಬೆರೆಸಿಲ್ಲ ಎಂದು ದೇವರಾಣೆ ಇಡುವವನ ಕ್ಯಾನಿಗೇ ಮೊದಲು ಲ್ಯಾಕ್ಟೋಮೀಟರು ಇಳಿಸುತ್ತಿದ್ದೆ. ಮನೆಗೆ ಬಂದರೂ ಆ ಮೂಗು, ಆ ಕಣ್ಣು ಕಳಚಿಡಲು ಆಗುತ್ತಿರಲಿಲ್ಲ.

ಹಾಗಾಗಿ ಅಳಿಯ ಬಿಯರ್ ಮಾಡುವ ರೀತಿಯನ್ನು ಮೊದಲ ದಿನವೇ ಅನುಮಾನದಿಂದ ನೋಡಿದೆ. ಮಾಲ್ಟು ಕುದಿಸಿದ್ದು, ತಣಿಸಿದ್ದು ಎಲ್ಲ ಸರಿ. ಆಮೇಲೆ ಡ್ರಮ್ಮಿಗೂ ಏರ್‌ಲಾಕಿಗೂ ಸ್ಯಾನಿಟೈಜರ್ ಹೊಡೆದು, ನೀರು ಹಾಕಿ ತೊಳೆಯದೆ ಹಾಗೇ ಜೋಡಿಸಿದ.

"ಇದೇನ್ರೀ, ತೊಳೆಯೋದಿಲ್ವೇ?"

"ಇದು ನೋ-ರಿನ್ಸ್ ಮಾವ. ತೊಳೆದ್ರೆ ನಲ್ಲಿ ನೀರಲ್ಲಿರೋ ಕ್ರಿಮಿ ವಾಪಸ್ ಬರತ್ತೆ. ಅದರ ನೊರೆ ಒಳಗೆ ಉಳಿದ್ರೂ ಪರವಾಗಿಲ್ಲ."

ನೊರೆ ಉಳಿದರೂ ಪರವಾಗಿಲ್ಲವಂತೆ. ನಮ್ಮ ಡೇರಿಯಲ್ಲಿ ಯಾರಾದರೂ ಹೀಗೆಂದಿದ್ದರೆ ಅಂದೇ ಗೇಟಿನ ಹೊರಗೆ ಇರುತ್ತಿದ್ದ. ಮಾರನೆಯ ದಿನ ಅವನು ಹೊಸ ಮೆಷಿನ್ ಕೂರಿಸುವ ಕೆಲಸಕ್ಕೆ ಮೊಂಬಾಸಾಕ್ಕೆ ಹೊರಟ. ಅವನು ಒಂದು ಔಷಧಿ ಕಾರ್ಖಾನೆಯಲ್ಲಿ ಎಂಜಿನಿಯರ್. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ.

"ಮೊದಲೊಂದೆರಡು ದಿನ ನೊರೆ ಜಾಸ್ತಿ ಬರಬಹುದು ಮಾವ. ಏರ್‌ಲಾಕಿಗೆ ಏರಿದ್ರೆ ಅದನ್ನ ತೆಗೆದು ಈ ದಪ್ಪ ಪೈಪು ಹಾಕ್ಬಿಡಿ, ಇನ್ನೊಂದು ತುದಿ ಬಕೆಟ್ ನೀರಲ್ಲಿ ಮುಳುಗಿರ್ಲಿ. ಮುಟ್ಟೋದಕ್ಕೆ ಮುಂಚೆ ಕೈಗೂ ಸ್ಯಾನಿಟೈಜರ್ ಹೊಡ್ಕೊಳ್ಳಿ. ನೊರೆ ಇಳಿದ ಮೇಲೆ ಏರ್‌ಲಾಕ್ ಹಾಕಿ, ಗೆರೆವರೆಗೆ ವೋಡ್ಕಾ ತುಂಬಿ. ಅಷ್ಟೇ."

ಮಗಳು ಆಗ ಲಿಫ್ಟಿನ ಬಳಿ ಅವನ ಬ್ಯಾಗು ಹಿಡಿದು ನಿಂತಿದ್ದಳು. ಈ ಮಾತು ಅವಳಿಗೆ ಕೇಳಿಸಿರಲಿಲ್ಲ. ಅದು ನನಗೆ ಹೊಳೆದದ್ದು ಆಮೇಲೆ.

ನೊರೆ ಬಂದದ್ದು ಅವಳು ಗಿಗಿರಿಯ ಆಫೀಸಿಗೆ ಕಾರು ಹತ್ತಿದ ಮೇಲೆ. ಬೆಳಗ್ಗೆ ಬಿಡುವಿಲ್ಲದೆ ಗುಳುಗುಳು ಎನ್ನುತ್ತಿದ್ದ ಡ್ರಮ್ಮು ಇದ್ದಕ್ಕಿದ್ದಂತೆ ಸುಮ್ಮನಾಯಿತು. ಮಾತಾಡುತ್ತಿದ್ದವರು ನಾನು ಬಂದೊಡನೆ ಸುಮ್ಮನಾದರೆ ನನಗೆ ಎಂದೂ ಒಳ್ಳೆಯದೆನಿಸಿದ್ದಿಲ್ಲ. ಹೋಗಿ ನೋಡಿದರೆ ಏರ್‌ಲಾಕಿನ ತುಂಬ ಕಂದು ನೊರೆ. ಅದರ ಪುಟ್ಟ ಟೋಪಿ ಹಾರಿ ನೆಲಕ್ಕೆ ಬಿದ್ದಿತ್ತು. ನೊರೆಯಲ್ಲಿದ್ದ ಗಸಿ ತೂತಿಗೆ ಕಟ್ಟಿಕೊಂಡು, ಒಳಗಿನ ಗ್ಯಾಸಿಗೆ ದಾರಿಯಿಲ್ಲದೆ ಮುಚ್ಚಳ ಉಬ್ಬಿತ್ತು. ಅಳಿಯನಿಗೆ ಫೋನು ಮಾಡಿದೆ, ಹತ್ತಲಿಲ್ಲ. ಮುಟ್ಟಿದರೆ ಒಂದು ಕಷ್ಟ, ಮುಟ್ಟದಿದ್ದರೆ ಮುಚ್ಚಳ ಹಾರಿ ಸೂರಿಗೆ ಬಡಿಯುವುದು ಖಂಡಿತ.

ಕೈಗೆ ಸ್ಯಾನಿಟೈಜರ್ ಹೊಡೆದುಕೊಂಡು ಏರ್‌ಲಾಕ್ ಕಿತ್ತೆ. ಬುಸ್ಸೆಂದು ನೊರೆ ನನ್ನ ಮುಖಕ್ಕೆ, ಬನಿಯನ್ನಿಗೆ, ಪಂಚೆಗೆ, ಗೋಡೆಗೆ ಎರಚಿತು. ತುಟಿಗೂ ಬಿತ್ತು. ಕಹಿ. ಥೂ ಎಂದು ಉಗಿದು ಬಾಯಿ ಮುಕ್ಕಳಿಸಿದೆ. ದಪ್ಪ ಪೈಪು ಸಿಕ್ಕಿಸಿ, ನನ್ನ ಸ್ನಾನದ ಬಕೆಟ್ಟಿನ ನೀರಲ್ಲಿ ಇನ್ನೊಂದು ತುದಿ ಮುಳುಗಿಸಿದೆ. ನೊರೆ ಬಕೆಟ್ಟಿಗೆ ಬರತೊಡಗಿತು, ಮುಚ್ಚಳ ತಗ್ಗಿತು. ಅಷ್ಟರ ಮೇಲೆ ನನ್ನೊಳಗಿನ ಡೇರಿ ಎದ್ದು ಕೂತಿತು. ಏರ್‌ಲಾಕ್ ಬಿಚ್ಚಿ ಬಿಸಿನೀರಲ್ಲಿ ನೆನೆಹಾಕಿ, ಗಸಿ ಉಳಿಯದಂತೆ ಹಳೆ ಬ್ರಷ್ಷಿನಿಂದ ಉಜ್ಜಿದೆ. ಗೋಡೆ, ನೆಲ ಫಿನಾಯಿಲು ಹಾಕಿ ತೊಳೆದೆ. ಬನಿಯನ್, ಪಂಚೆ ಒಗೆದು ಬಾಲ್ಕನಿಯಲ್ಲಿ ಹರವಿದೆ. ತಲೆಗೆ ಸ್ನಾನ ಮಾಡಿದೆ. ಬಾಯ ಕಹಿ ಹೋಗದ್ದಕ್ಕೆ ಅಡುಗೆಮನೆಯ ಡಬ್ಬಿಯಿಂದ ಒಂದು ಲವಂಗ ತೆಗೆದು ಹಾಕಿಕೊಂಡೆ.

ನೊರೆ ಒರೆಸಿದ ಬಟ್ಟೆಗಳನ್ನು ಕಸದ ಚೀಲಕ್ಕೆ ತುಂಬಿ ಕೆಳಗೆ ಒಯ್ದೆ. ಗೇಟಿನ ಕಾವಲುಗಾರ ಚೀಲದ ವಾಸನೆ ಹಿಡಿದು ಹಲ್ಲು ಬಿಟ್ಟ. "ಸವಾ, ಬಾಬು?" ಎಂದ. ಬಾಬು ಎಂದರೆ ಇಲ್ಲಿ ಅಜ್ಜ, ಸವಾ ಎಂದರೆ ಎಲ್ಲಾ ಸರಿಯಾ ಎಂದು. ದಿನಾ ಕೇಳುವ ಮಾತೇ. ಅಂದು ಮಾತ್ರ ಅದರಲ್ಲಿ ಏನೋ ಇದೆ ಎನಿಸಿತು. ಸಂಜೆ ಮಗಳ ಕಾರಿಗೆ ಗೇಟು ತೆಗೆಯುವವನೂ ಇವನೇ ಅಲ್ಲವೇ?

ಸಂಜೆ ಅವಳು ಬಂದಳು. ಒಳಗೆ ಕಾಲಿಟ್ಟವಳೇ ಒಂದು ಕ್ಷಣ ನಿಂತಳು. ಮನೆ ಫಿನಾಯಿಲು ನಾರುತ್ತಿತ್ತು. ಬಾಲ್ಕನಿಯಲ್ಲಿ ವಾರದ ನಡುವೆ ಒಗೆದ ಬಟ್ಟೆ. ಅಪ್ಪನ ತಲೆ ಒದ್ದೆ, ಬಾಯಲ್ಲಿ ಲವಂಗ. ಇಷ್ಟೂ ಅವಳಿಗೆ ಚಿಕ್ಕಂದಿನಿಂದ ಕಂಠಪಾಠ ಎಂಬುದು ನನಗೆ ಹೊಳೆದದ್ದೇ ಆಗ. ಕುಡಿದ ಗುರುತು ಅಳಿಸಲು ನಾನು ಮಾಡುತ್ತಿದ್ದುದೂ ಇದನ್ನೇ, ಹೆಚ್ಚುಕಡಿಮೆ ಇದೇ ಸಾಲಿನಲ್ಲಿ.

"ನೊರೆ ಬಂದ್ಬಿಟ್ಟಿತ್ತು ಕಣಮ್ಮ, ಏರ್‌ಲಾಕಿಗೆ. ಅವರೇ ಹೇಳಿ ಹೋಗಿದ್ರು, ಹಾಗೆ ಆದ್ರೆ ಪೈಪು ಹಾಕಿ ಅಂತ. ಬನಿಯನ್ ಮೇಲೆಲ್ಲ ಬಿತ್ತು. ಅದಕ್ಕೇ ಒಗೆದೆ. ಗೋಡೆನೂ ತೊಳೆದೆ, ಇರುವೆ ಬರತ್ತಲ್ಲ ಅಂತ..."

"ಹೌದಾ ಅಪ್ಪಾ," ಎಂದು ಹತ್ತಿರ ಬಂದು ನನ್ನ ಷರಟಿನ ಕಾಲರು ಸರಿಮಾಡಿದಳು. ಹಾಕಿದ್ದ ಗುಂಡಿಯನ್ನೇ ಬಿಚ್ಚಿ ಮತ್ತೆ ಹಾಕಿದಳು. ಅವಳ ಮೂಗು ನನ್ನ ಗಲ್ಲದ ಬಳಿ ಒಂದು ಉಸಿರಿನಷ್ಟು ಹೊತ್ತು ನಿಂತಿತು. ಕ್ಯಾನಿನ ಮುಚ್ಚಳ ತೆಗೆದು ನೋಡುವ ವಿದ್ಯೆ ನನ್ನದೇ. ಅದನ್ನು ನನ್ನ ಮೇಲೇ ಪ್ರಯೋಗಿಸಿದರೆ ನನಗೆ ತಿಳಿಯದೇ ಇರುತ್ತದೆಯೇ?

ಕಾರಣ ಹೇಳಿದಷ್ಟೂ ಕೆಟ್ಟೆ. ಕುಡಿಯುವ ಕಾಲದಲ್ಲಿ ನನ್ನ ಬಳಿ ಎಲ್ಲದಕ್ಕೂ ಒಂದು ಕಾರಣ ತಯಾರಿರುತ್ತಿತ್ತು. ಬಸ್ಸು ಕೆಟ್ಟಿತು, ಬಾಯ್ಲರು ಕೆಟ್ಟಿತು, ಯಾರೋ ಮೈಮೇಲೆ ಚೆಲ್ಲಿದರು. ಈಗ ಹೇಳಿದ ನಿಜವೂ ಅದೇ ದನಿಯಲ್ಲಿ ಬಂತು. ಅವಳು ಹೇಗೆ ನಂಬಬೇಕು?

ಎರಡು ದಿನಕ್ಕೆ ನೊರೆ ಇಳಿಯಿತು. ಪೈಪು ತೆಗೆದು ಏರ್‌ಲಾಕ್ ಹಾಕಿ, ಗೆರೆಯವರೆಗೆ ವೋಡ್ಕಾ ತುಂಬಿದೆ. ಬಾಟಲಿಯ ಬಿರಡೆ ತೆಗೆಯುವಾಗ ಮುಖ ಆಚೆ ತಿರುಗಿಸಿಕೊಂಡೆ. ಡ್ರಮ್ಮು ಮತ್ತೆ ಗುಳುಂ ಎಂದಿತು, ಈಗ ನಿಧಾನಕ್ಕೆ, ಮುದುಕರು ಮಾತಾಡುವ ಹಾಗೆ.

ಮಾರನೆಯ ಬೆಳಗ್ಗೆ ನೋಡಿದರೆ ಏರ್‌ಲಾಕಿನ ವೋಡ್ಕಾ ಗೆರೆಗಿಂತ ಕೆಳಗಿತ್ತು. ಮತ್ತೆ ತುಂಬಿದೆ. ಅದರ ಮಾರನೆಯ ಬೆಳಗ್ಗೆಯೂ ಹಾಗೇ. ಜುಲೈ ತಿಂಗಳು, ಇಲ್ಲಿ ಚಳಿಗಾಲ, ಸ್ವೆಟರು ಹಾಕಿಯೇ ಹಲ್ಲುಜ್ಜುತ್ತಿದ್ದೆ. ಈ ಚಳಿಯಲ್ಲಿ ಆವಿಯಾಗಿ ಹೋಗಲು ಸಾಧ್ಯವಿಲ್ಲ. ಹಾಗಾದರೆ ಯಾರು? ಮನೆಯಲ್ಲಿ ಇರುವವರು ಇಬ್ಬರು. ನಾನಂತೂ ಅಲ್ಲ. ಮಗಳ ಮೇಲೂ ಒಂದು ಗಳಿಗೆ ಅನುಮಾನ ಹೋಯಿತು ಎಂದರೆ ನನ್ನ ಬುದ್ಧಿ ಎಂಥದೆಂದು ನೀವೇ ಊಹಿಸಿ. ನನ್ನ ರಕ್ತ ಅಲ್ಲವೇ, ಎಂದು ನಾನೇ ಹೆದರಿದೆ.

ಆಮೇಲೊಂದು ಬೆಳಗ್ಗೆ ತುಂಬಲೆಂದು ಬಾಟಲಿ ಎತ್ತಿದಾಗ ಹೆಬ್ಬೆರಳಿಗೆ ಕಪ್ಪು ಅಂಟಿತು. ಬೆಳಕಿಗೆ ಹಿಡಿದೆ. ವೋಡ್ಕಾ ನಿಂತ ಮಟ್ಟಕ್ಕೆ ಸರಿಯಾಗಿ ಗಾಜಿನ ಮೇಲೆ ಒಂದು ಬೊಟ್ಟು. ಪೆನ್ನಲ್ಲ. ಕಾಡಿಗೆ.

ಅಳಿಯ ಹೋಗುವಾಗ ಇಟ್ಟು ಹೋಗಿರಬೇಕೆಂದು ಮೊದಲು ಅವನ ಮೇಲೆ ಸಿಟ್ಟು ಮಾಡಿಕೊಂಡೆ. ಆದರೆ ಅವನು ಹೋದ ಮೇಲೆ ನಾನು ಎಷ್ಟೋ ಸಲ ಅದರಿಂದ ಸುರಿದಿದ್ದೆ. ಬೊಟ್ಟು ಇದ್ದದ್ದು ನಿನ್ನೆಯ ಮಟ್ಟದಲ್ಲಿ. ಇಟ್ಟವರು ನಿನ್ನೆಯೇ ಇಟ್ಟಿದ್ದರು. ಕಾಡಿಗೆ ಹಚ್ಚುವವಳು ಮನೆಯಲ್ಲಿ ಒಬ್ಬಳೇ.

ಆ ಬೊಟ್ಟು ನನಗೆ ಹೊಸದೂ ಅಲ್ಲ. ನಾವು ಊರಲ್ಲಿದ್ದ ಡೇರಿ ಕ್ವಾರ್ಟರ್ಸಿನಲ್ಲಿ, ಬೀರುವಿನಲ್ಲಿ ಮೇಲೂ ಕೆಳಗೂ ನಾನಿಡುತ್ತಿದ್ದ ಬಾಟಲಿಗಳಲ್ಲಿ ಕೆಳಗಿನ ಅರೆಯವುಗಳ ಮೇಲೆ ಇದೇ ಥರದ ಬೊಟ್ಟು ಬರುತ್ತಿತ್ತು, ಇಷ್ಟೇ ದಪ್ಪ, ಇಷ್ಟೇ ಓರೆ. ಹೆಂಡತಿ ತನ್ನ ಕಣ್ಣಿಗೆ ಎಳೆ ಎಳೆಯಾಗಿ ಕಾಡಿಗೆ ತೀಡುವವಳು. ಬಾಟಲಿಗೆ ಇಡುವಾಗ ಮಾತ್ರ ಕಳ್ಳತನದ ಗಡಿಬಿಡಿ ಎಂದುಕೊಳ್ಳುತ್ತಿದ್ದೆ. "ನನ್ನನ್ನ ಅಳೀತೀಯಾ? ನಾನೇನು ಹಾಲಿನ ಕ್ಯಾನಾ?" ಎಂದು ಮನೆ ಹಾರಿಹೋಗುವ ಹಾಗೆ ಕೂಗಾಡುತ್ತಿದ್ದೆ. ಅವಳು ಹೂಂ ಎನ್ನುತ್ತಿರಲಿಲ್ಲ, ಉಹೂಂ ಎನ್ನುತ್ತಿರಲಿಲ್ಲ. ರೊಟ್ಟಿ ತಟ್ಟುವುದನ್ನು ಮುಂದುವರಿಸುತ್ತಿದ್ದಳು. ಸುಮ್ಮನಿದ್ದಾಳೆಂದರೆ ಒಪ್ಪಿಕೊಂಡ ಹಾಗೆ ಎಂದು ಮತ್ತಷ್ಟು ಕೂಗುತ್ತಿದ್ದೆ. ಮಗಳು ಅಲ್ಲೇ ಗೋಡೆಗೆ ಒರಗಿ ಹೋಂವರ್ಕ್ ಮಾಡುತ್ತಿರುತ್ತಿದ್ದಳು.

ಈಗ ಅಮ್ಮನ ಚಾಳಿ ಮಗಳಿಗೆ ಬಂದಿದೆ ಎಂದುಕೊಂಡೆ. ನೇರ ಕೇಳಿದ್ದರೆ ಒಂದೇ ಮಾತಿಗೆ ಮುಗಿಯುತ್ತಿತ್ತು. ಆದರೆ ನಾನು ಕೇಳಲಿಲ್ಲ. ಏರ್‌ಲಾಕ್ ಬೇಕಾದರೆ ಒಣಗಲಿ, ಬಿಯರ್ ಹುಳಿಯಾಗಿ ಹಾಳಾಗಿ ಹೋಗಲಿ, ನಾನು ಬಾಟಲಿ ಮುಟ್ಟುವುದಿಲ್ಲ ಎಂದು ಹಟ ಹಿಡಿದೆ.

ಆ ಹಟವೂ ನನಗೇ ತಿರುಗುಬಾಣವಾಯಿತು. ಮರುದಿನ ಕಪಾಟು ತೆರೆದರೆ ಬಾಟಲಿಯೇ ಇಲ್ಲ. ಏರ್‌ಲಾಕು ಇಳಿದದ್ದೂ ಬೊಟ್ಟು ಕದಡಿದ್ದೂ ಕಂಡು ಅವಳು ಅದನ್ನು ತನ್ನ ವಾರ್ಡ್‌ರೋಬಿಗೆ ಸಾಗಿಸಿ ಬೀಗ ಹಾಕಿದ್ದಳು. ಬೆಳಗ್ಗೆ ಆಫೀಸಿಗೆ ಹೊರಡುವ ಮುನ್ನ ತಾನೇ ಬಂದು ಏರ್‌ಲಾಕ್ ತುಂಬುತ್ತಿದ್ದಳು. ಮಾರನೆಯ ದಿನ ಬಂದರೆ ಅದು ಇಳಿದಿರುತ್ತಿತ್ತು. ಏರ್‌ಲಾಕು ನೋಡುತ್ತಿದ್ದಳು, ನನ್ನ ಮುಖ ನೋಡುತ್ತಿದ್ದಳು, ಮತ್ತೆ ತುಂಬಿ ಹೋಗುತ್ತಿದ್ದಳು. ಒಂದು ಸಂಜೆ ಫೋನಿನಲ್ಲಿ ಗಂಡನಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿತ್ತು. ನೀನು ಬಂದ ಮೇಲೆ ಮಾತಾಡೋಣ, ಅಪ್ಪನ ವಿಷಯ, ಎಂದು. ನನಗೆ ಇಂಗ್ಲಿಷು ಅರ್ಥವಾಗುವುದಿಲ್ಲ ಎಂದುಕೊಂಡಿದ್ದಾಳೋ, ಅರ್ಥವಾಗಲಿ ಎಂದೇ ಹೇಳಿದಳೋ!

ಅಂದರೆ ನಾನು ಏರ್‌ಲಾಕಿಗೇ ಬಾಯಿಟ್ಟು ಹೀರುತ್ತಿದ್ದೇನೆ ಎಂದು ಅವಳ ಅನುಮಾನ. ಎರಡು ಚಮಚ, ಅದೂ ಗಸಿ ಬೆರೆತದ್ದು! ನಗು ಬಂತು. ನಕ್ಕ ಮೇಲೆ ಅಳುವೂ ಬಂತು. ಯಾಕೆಂದರೆ ಆ ಕಾಲದಲ್ಲಾಗಿದ್ದರೆ ನಾನು ಅದನ್ನೂ ಬಿಡುತ್ತಿರಲಿಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

ಶನಿವಾರ ಅವಳ ಆಫೀಸಿನ ಗೆಳತಿಯೊಬ್ಬಳು ನೈವಾಶಾದ ತನ್ನ ಮನೆಗೆ ಕರೆದಿದ್ದಳು. ಹೋಗುವುದೋ ಬೇಡವೋ ಎನ್ನುತ್ತಿದ್ದ ಮಗಳು ಇದ್ದಕ್ಕಿದ್ದಂತೆ ಹೊರಟು ನಿಂತಳು, "ನೀನೂ ಬಾ ಅಪ್ಪಾ" ಎಂದಳು. ನನ್ನನ್ನು ಒಬ್ಬನೇ ಬಿಟ್ಟು ಹೋಗಲು ಭಯ ಎಂದು ನಾನು ಅರ್ಥ ಮಾಡಿಕೊಂಡೆ. ಹೊರಡುವ ಮುನ್ನ ನನ್ನ ಕಣ್ಣೆದುರಿಗೇ ಏರ್‌ಲಾಕನ್ನು ಗೆರೆಯವರೆಗೆ ತುಂಬಿ, ಬಾಟಲಿಯನ್ನು ಒಳಗಿಟ್ಟು ಬೀಗ ಹಾಕಿ, ಕೀಲಿಯನ್ನು ಪರ್ಸಿಗೆ ಸೇರಿಸಿದಳು. ಅಲ್ಲಿ ಸರೋವರದ ದಂಡೆಯಲ್ಲಿ ನೀರಾನೆ ತೋರಿಸಿದರು. ನಾನು ನೋಡಿದೆ. ಅದೂ ಮೂಗಿನವರೆಗೆ ಮುಳುಗಿ ನನ್ನನ್ನೇ ಅನುಮಾನದಿಂದ ನೋಡುತ್ತಿತ್ತು.

ಭಾನುವಾರ ಸಂಜೆ ನಾವು ವಾಪಸು ಬರುವುದಕ್ಕೂ ಅಳಿಯ ಮೊಂಬಾಸಾದಿಂದ ಬಂದು ಇಳಿಯುವುದಕ್ಕೂ ಸರಿಹೋಯಿತು. ಮನೆಯ ಬಾಗಿಲು ತೆರೆದವಳು ಮಗಳೇ. ಚಪ್ಪಲಿ ಕೂಡ ಬಿಡದೆ ನೆಟ್ಟಗೆ ನನ್ನ ಬಚ್ಚಲುಮನೆಗೆ ಹೋದಳು. ಹಿಂದೆಯೇ ನಾನು, ನನ್ನ ಹಿಂದೆ ಅಳಿಯ. ಏರ್‌ಲಾಕ್ ಬರಿದಾಗಿತ್ತು. ತಳದಲ್ಲಿ ಒಂದು ತೊಟ್ಟು ಮಾತ್ರ.

ಅವಳು ಅದನ್ನೇ ನೋಡುತ್ತ ನಿಂತುಬಿಟ್ಟಳು.

"ಅಯ್ಯೋ, ಒಳಗೆ ಎಳ್ಕೊಂಬಿಟ್ಟಿದೆ," ಎಂದ ಅಳಿಯ, ಇದೇನೂ ದೊಡ್ಡ ವಿಷಯವಲ್ಲ ಎಂಬಂತೆ. "ಈ ಚಳೀಲಿ ಹೀಗೇನೇ ಮಾವ. ಹುದುಗೋದು ನಿಧಾನ ಆದ್ಮೇಲೆ ಹೊರಗೆ ತಳ್ಳೋಕೆ ಸಾಕಷ್ಟು ಗ್ಯಾಸ್ ಇರಲ್ಲ. ರಾತ್ರಿ ತಣ್ಣಗಾದ್ರೆ ಒಳಗಿನ ಗ್ಯಾಸು ಕುಗ್ಗತ್ತೆ, ಏರ್‌ಲಾಕಲ್ಲಿರೋದನ್ನ ಡ್ರಮ್ಮು ತಾನೇ ಕುಡಿದುಬಿಡತ್ತೆ. ಅದಕ್ಕೇ ನಾನು ನೀರು ಬಿಟ್ಟು ವೋಡ್ಕಾ ಹಾಕೋದು. ಒಳಗೆ ಹೋದ್ರೂ ಬಿಯರ್ ಕೆಡಲ್ಲ. ಅಂದಹಾಗೆ, ನೊರೆ ಬಂದಾಗ ಪೈಪು ಹಾಕಿದ್ರಾ? ಹೇಳಿದ್ನಲ್ಲ?"

"ಹಾಕಿದೆ," ಎಂದೆ.

ಅವನು ಬ್ಯಾಗು ಬಿಚ್ಚಲು ಹೋದ. ಮಗಳು ನನ್ನ ಕಡೆ ತಿರುಗಲಿಲ್ಲ. ಕೋಣೆಗೆ ಹೋದಳು. ಬೀಗ ತೆಗೆದ ಸದ್ದು ಕೇಳಿಸಿತು. ಬಾಟಲಿ ತಂದು ನನ್ನ ಕೈಗಿಟ್ಟಳು.

"ನೀನೇ ತುಂಬು ಅಪ್ಪಾ."

ಅಷ್ಟು ಹೇಳಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.

ಬಿರಡೆ ತೆಗೆದೆ. ಈ ಸಲ ಮುಖ ತಿರುಗಿಸಲಿಲ್ಲ. ವಾಸನೆ ಮೂಗಿಗೆ ಹೊಡೆಯಿತು. ಬಾಯಲ್ಲಿ ನೀರೂರಿತು, ಸುಳ್ಳು ಯಾಕೆ ಹೇಳಲಿ? ಬಾಗಿಲು ಮುಚ್ಚಿದೆ, ಯಾರೂ ನೋಡುತ್ತಿಲ್ಲ, ಒಂದು ಗುಟುಕು ಹೆಚ್ಚುಕಡಿಮೆಯಾದರೂ ಇನ್ನು ಯಾರೂ ಅಳೆಯುವುದಿಲ್ಲ. ಏರ್‌ಲಾಕಿಗೆ ಗೆರೆಯವರೆಗೆ ಸುರಿದು, ಬಿರಡೆ ಬಿಗಿದೆ. ಆ ಮನೆಯಲ್ಲಿ ಎಲ್ಲರ ಮೇಲೂ ಅನುಮಾನಪಟ್ಟಿದ್ದ ನನಗೆ ಕಾಯಬೇಕಾದವನು ಯಾರೆಂದು ಆಗ ಗೊತ್ತಾಯಿತು.

ಬಾಗಿಲು ತೆರೆದರೆ ಅವಳು ಗೋಡೆಗೆ ಒರಗಿ ನಿಂತಿದ್ದಳು. ಕಣ್ಣು ಒದ್ದೆ.

"ಕಾಡಿಗೆ ತಗೊಂಡು ಬಾಮ್ಮ."

"ಬೇಡ ಅಪ್ಪಾ. ಪ್ಲೀಸ್. ಸಾರಿ."

"ನಿನಗೋಸ್ಕರ ಅಲ್ಲ ಕಣೇ. ನನಗೆ ಬೇಕು. ನಿಮ್ಮಮ್ಮ ಇಡ್ತಿದ್ದಳಲ್ಲ, ಹಾಗೇ ಒಂದು ಬೊಟ್ಟು ಇಡು."

ಅವಳು ನನ್ನ ಕೈಯಲ್ಲಿದ್ದ ಬಾಟಲಿಯನ್ನು ನೋಡುತ್ತಲೇ ಹೇಳಿದಳು.

"ಅಮ್ಮ ಒಂದಿನಾನೂ ಇಡಲಿಲ್ಲ ಅಪ್ಪಾ. ಇಡ್ತಿದ್ದಿದ್ದು ನಾನು."

ನಾನು ಕೂಗಾಡಿದ ಸಂಜೆಗಳೆಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ರೊಟ್ಟಿ ತಟ್ಟುತ್ತಿದ್ದ ಕೈ ಒಮ್ಮೆಯೂ ಮಗಳತ್ತ ತೋರಿಸಿರಲಿಲ್ಲ. ಇಲ್ಲ ಎಂದರೆ ನನ್ನ ಕಣ್ಣು ಮುಂದೆ ಯಾರ ಮೇಲೆ ಬೀಳುತ್ತದೆಂದು ಗೊತ್ತಿದ್ದು, ಹೆಂಡತಿ ಇಲ್ಲ ಎಂದೂ ಅಂದಿರಲಿಲ್ಲ. ಆ ಬೊಟ್ಟು ಯಾಕೆ ಅಷ್ಟು ದಪ್ಪ, ಯಾಕೆ ಓರೆ, ಯಾಕೆ ಯಾವಾಗಲೂ ಕೆಳಗಿನ ಅರೆಯ ಬಾಟಲಿಗೇ, ಎಂದು ಅಷ್ಟೊಂದು ಅನುಮಾನದ ಮನುಷ್ಯನಿಗೆ ಒಂದು ಸಲವೂ ಅನುಮಾನ ಬಂದಿರಲಿಲ್ಲ.

ನಾನು ಟಾಯ್ಲೆಟ್ಟಿನ ಮುಚ್ಚಳದ ಮೇಲೆ ಕೂತೆ. ಅವಳು ಕಾಡಿಗೆ ಪೆನ್ಸಿಲು ತಂದಳು. ಬಾಟಲಿಯನ್ನು ಬೆಳಕಿಗೆ ಎತ್ತಿ ಅಲ್ಲಾಡದಂತೆ ಹಿಡಿದುಕೊಂಡೆ. ಅವಳು ಬಗ್ಗಿ, ನಾಲಿಗೆಯ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು, ವೋಡ್ಕಾದ ಮಟ್ಟಕ್ಕೆ ಒಂದು ಬೊಟ್ಟು ಇಟ್ಟಳು.